ಗುಮಾಸ್ತ ಕುರ್ಚಿಗೆ ಬರುವವರೆಗೆ

ಅಕ್ಕ ಇಪ್ಪತ್ತಾರು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದವಳು. ನಿಮಿಷಕ್ಕೆ ನೂರಿಪ್ಪತ್ತು ಶಬ್ದ ಅವಳ ವೇಗ. ವಕೀಲರು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಹಾಯ್ದು ಜಗಳವಾಡುವಾಗಲೂ, ಸಾಕ್ಷಿ ಹೇಳಲು ಬಂದವರು ಅರ್ಧ ಮಾತನ್ನು ಗಂಟಲಲ್ಲೇ ನುಂಗಿಕೊಳ್ಳುವಾಗಲೂ ಅವಳ ಪೆನ್ಸಿಲ್ಲು ನಿಂತದ್ದಿಲ್ಲ. "ಈಕೆ ಬರೆದುಕೊಂಡ ಮೇಲೆ ಆಡಿದವರೂ ಅಲ್ಲಗಳೆಯುವ ಹಾಗಿಲ್ಲ" ಎಂದು ನ್ಯಾಯಾಧೀಶರೊಬ್ಬರು ತುಂಬಿದ ಕೋರ್ಟಿನಲ್ಲೇ ಹೊಗಳಿದ್ದರಂತೆ. ಅದನ್ನು ಅವಳು ಮನೆಯಲ್ಲಿ ನೂರು ಸಲ ಹೇಳಿದ್ದಳು. ತಂಗಿಗೆ ಬಾಯಿಪಾಠವಾಗಿಹೋಗಿತ್ತು.

ಕಾಯಿಲೆ ಶುರುವಾದದ್ದೂ ಬೆರಳಿನಿಂದಲೇ. ಮೊದಲು ಪೆನ್ಸಿಲ್ಲು ಜಾರತೊಡಗಿತು. ಆಮೇಲೆ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ, ಆಮೇಲೆ ಚಮಚ ಹಿಡಿಯಲು ಆಗಲಿಲ್ಲ. ನರಗಳು ಸ್ನಾಯುಗಳಿಗೆ ಅಪ್ಪಣೆ ಕೊಡುವುದನ್ನು ಒಂದೊಂದಾಗಿ ನಿಲ್ಲಿಸುವ ಕಾಯಿಲೆ ಇದು, ಔಷಧ ಇಲ್ಲ, ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ ಎಂದರು ವೈದ್ಯರು. ಕೊನೆಯ ಮಾತನ್ನು ಅವರು ಸಮಾಧಾನಕ್ಕೆಂದು ಹೇಳಿದ್ದು. ಮೂರು ವರ್ಷ ಕಳೆಯುವಷ್ಟರಲ್ಲಿ ಬಾಯಿಯ ಮಾತೂ ನಿಂತಿತು. ಅಕ್ಕನ ಸ್ವಾಧೀನದಲ್ಲಿ ಉಳಿದದ್ದು ಎರಡು ಕಣ್ಣು ಮತ್ತು ಬಲಗಾಲಿನ ಹೆಬ್ಬೆರಳು. ಒಮ್ಮೆ ಕಣ್ಣು ಮಿಟುಕಿಸಿದರೆ ಹೌದು, ಎರಡು ಸಲ ಮಿಟುಕಿಸಿದರೆ ಇಲ್ಲ.

ತಂಗಿ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳು. ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು, ಫ್ರೇಮಿನ ಅಳತೆಗೆ ಲೆನ್ಸಿನ ಅಂಚು ತೀಡಿ ಕೂರಿಸುವುದು ಅವಳ ಕೆಲಸ. ಅಕ್ಕ ಮದುವೆಯಾಗಲಿಲ್ಲ. ತಂಗಿ ಮದುವೆಯಾಗಿ, ಎರಡೇ ವರ್ಷಕ್ಕೆ ಸಾಕುಸಾಕಾಗಿ, ಒಂದು ಸೂಟ್‌ಕೇಸು ಹಿಡಿದು ಅಕ್ಕನ ಮನೆಗೆ ವಾಪಸು ಬಂದಿದ್ದಳು. ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಬೆಳಿಗ್ಗೆ ಎಂಟೂವರೆಗೆ ಆಯಾ ಬಂದು ಅಕ್ಕನ ಮೈ ಒರೆಸಿ, ಕೊಳವೆಯಲ್ಲಿ ಆಹಾರ ಕೊಟ್ಟು, ಮಗ್ಗುಲು ಬದಲಿಸಿ ಒಂದು ಗಂಟೆಗೆ ಹೊರಡುತ್ತಿದ್ದಳು. ತಂಗಿ ಬರುವುದು ನಾಲ್ಕಕ್ಕೆ. ನಡುವಿನ ಮೂರು ಗಂಟೆ ಅಕ್ಕ ಒಬ್ಬಳೇ. ಕೆಳಗಿನ ಮನೆಯಲ್ಲಿ ನಿವೃತ್ತ ಬಸ್ ಚಾಲಕರೊಬ್ಬರಿದ್ದರು, ಎಲ್ಲರ ಬಾಯಲ್ಲೂ ಡ್ರೈವರ್ ಮಾಮ. ಅವರ ಹತ್ತಿರ ಒಂದು ಕೀಲಿಕೈ ಇತ್ತು. ಎರಡೂವರೆಗೆ ಒಮ್ಮೆ ಮೇಲೆ ಬಂದು ಇಣುಕಿ ಹೋಗುತ್ತೇನೆಂದು ಅವರಾಗಿಯೇ ಒಪ್ಪಿಕೊಂಡಿದ್ದರು.

ಪುಟ್ಟ ಕಂಪ್ಯೂಟರನ್ನು ತಂದುಕೊಟ್ಟವರು ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಮೇಡಂ. ಇಸ್ಪೀಟು ಕಟ್ಟಿಗಿಂತ ಚೂರು ದೊಡ್ಡದು, ಅಷ್ಟೆ. ಪಾರದರ್ಶಕ ಡಬ್ಬಿಯೊಳಗೆ ಹಸಿರು ಹಲಗೆ, ಒಂದು ಕಡೆಯಿಂದ ಟಿವಿಯಂಥ ಪರದೆಗೆ ತಂತಿ, ಇನ್ನೊಂದು ಕಡೆಯಿಂದ ಹೆಬ್ಬೆರಳಿನ ಕೆಳಗೆ ಇಡುವ ದಪ್ಪ ಗುಂಡಿಗೆ ತಂತಿ. "ಇದು ವಿಂಡೋಸ್ ಅಲ್ಲ, ಲಿನಕ್ಸ್. ನಮ್ಮಲ್ಲಿ ಸ್ವಯಂಸೇವಕರೊಬ್ಬರು ಬಿಡುವಿನಲ್ಲಿ ಜೋಡಿಸಿಕೊಟ್ಟಿದ್ದು" ಎಂದರು ಮೇಡಂ. ಪರದೆಯ ಮೇಲೆ ವರ್ಣಮಾಲೆ ಸಾಲುಸಾಲಾಗಿ ಇರುತ್ತಿತ್ತು. ಒಂದೊಂದೇ ಸಾಲು ಹಳದಿಯಾಗಿ ಬೆಳಗುತ್ತ ಕೆಳಗಿಳಿಯುತ್ತದೆ. ಬೇಕಾದ ಸಾಲು ಬೆಳಗಿದಾಗ ಗುಂಡಿ ಒತ್ತಿದರೆ ಆ ಸಾಲಿನ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ. ಇನ್ನೊಮ್ಮೆ ಒತ್ತಿದರೆ ಆ ಅಕ್ಷರ ಬೀಳುತ್ತದೆ. ಬರೆದದ್ದನ್ನೆಲ್ಲ ಒಂದು ಸಪ್ಪೆ ಧ್ವನಿ ಓದಿ ಹೇಳುತ್ತದೆ. ಎಲ್ಲಕ್ಕಿಂತ ಮೇಲೆ ಕೆಂಪು ಪಟ್ಟಿ. ಅದು ಗಂಟೆ. ಅದನ್ನು ಒತ್ತಿದರೆ ಕೆಳಗಿನ ಮನೆಗೆ ಕೇಳುವಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತು.

ಅಕ್ಕ ಬರೆದ ಮೊದಲ ವಾಕ್ಯಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ತಂಗಿ, ಮೇಡಂ, ಆಯಾ ಮೂವರೂ ಪರದೆ ನೋಡುತ್ತ ನಿಂತಿದ್ದರು.

"ಫ್ಯಾನ್ ನಿಲ್ಲಿಸು. ನಾಲ್ಕು ತಿಂಗಳಿಂದ ಚಳಿ."

ತಂಗಿ ಓಡಿಹೋಗಿ ಸ್ವಿಚ್ಚು ಆರಿಸಿದಳು. ನಗಬೇಕೋ ಅಳಬೇಕೋ ತಿಳಿಯದೆ ಗೋಡೆಗೆ ಮುಖ ಮಾಡಿ ನಿಂತಳು. ಅಷ್ಟರಲ್ಲಿ ಅಕ್ಕ ಮುಂದಿನ ವಾಕ್ಯಕ್ಕೆ ಹೋಗಿಯಾಗಿತ್ತು. "ಇವನ ಹೆಸರು ಗುಮಾಸ್ತ. ನಿಧಾನ. ಆದರೆ ಲಂಚ ಕೇಳಲ್ಲ."

ಅಂದಿನಿಂದ ಆ ಯಂತ್ರಕ್ಕೆ ಮನೆಯಲ್ಲಿ ಗುಮಾಸ್ತನೆಂದೇ ಹೆಸರಾಯಿತು.

ಗುಮಾಸ್ತನಲ್ಲಿ ಒಂದೇ ಒಂದು ಕೊರತೆಯಿತ್ತು. ಕರೆಂಟು ಕೊಟ್ಟರೆ ಅವನು ತಾನೇ ಏಳುತ್ತಿದ್ದ, ಪಾಸ್‌ವರ್ಡ್ ಕೇಳದೆ ತಾನೇ ಲಾಗಿನ್ ಆಗುತ್ತಿದ್ದ. ಪರದೆಯ ತುಂಬ ಒಂದು ಕೆರೆ, ಅದರಾಚೆ ಬೆಟ್ಟ ಇರುವ ಚಿತ್ರ ಬರುತ್ತಿತ್ತು. ಅಲ್ಲಿಗೆ ಅವನ ಕೆಲಸ ಮುಗಿಯಿತು. ಅಕ್ಷರದ ಪ್ರೋಗ್ರಾಂ ಬೇಕಾದರೆ ಯಾರಾದರೂ ಮೌಸ್ ಹಿಡಿದು ತೆರೆಯಬೇಕು. ತಂಗಿ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅದನ್ನು ತೆರೆದಿಟ್ಟು ಹೋಗುತ್ತಿದ್ದಳು. ಇದನ್ನು ಕೊರತೆಯೆಂದು ಯಾರೂ ಎಣಿಸಿರಲಿಲ್ಲ.

ಒಂದು ಮಂಗಳವಾರ ಆಯಾ ಬಾಗಿಲು ಹಾಕಿಕೊಂಡು ಹೋದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಐದೇ ನಿಮಿಷಕ್ಕೆ ವಾಪಸು ಬಂತು. ಗುಮಾಸ್ತ ಎದ್ದ, ಲಾಗಿನ್ ಆದ, ಕೆರೆ ತೋರಿಸಿ ಸುಮ್ಮನಾದ. ಅದಾಗಿ ಸ್ವಲ್ಪ ಹೊತ್ತಿನಲ್ಲಿ ಅಕ್ಕನ ತಲೆ ದಿಂಬಿನ ಅಂಚಿನಿಂದ ಜಾರಿ ಎಡಕ್ಕೆ ವಾಲಿತು. ಕುತ್ತಿಗೆ ಮಡಚಿಕೊಂಡಿತು. ಜೊಲ್ಲು ಗಂಟಲಿಗೆ ಇಳಿದು ಉಸಿರು ಸಿಕ್ಕಿಕೊಳ್ಳತೊಡಗಿತು. ಅವಳು ಹೆಬ್ಬೆರಳು ಒತ್ತಿದಳು. ಒತ್ತುತ್ತಲೇ ಇದ್ದಳು. ಕೆರೆ ಅಲುಗಲಿಲ್ಲ.

ಎರಡೂವರೆಗೆ ಸರಿಯಾಗಿ ಡ್ರೈವರ್ ಮಾಮ ಬಂದರು. ಹೊಸ್ತಿಲಲ್ಲೇ ನಿಂತು ಕೇಳಿದರು. "ಏನೂ ತೊಂದರೆ ಇಲ್ವಲ್ಲಮ್ಮ?"

ಆ ಪ್ರಶ್ನೆಗೆ ಏನೆಂದು ಉತ್ತರ ಹೇಳುವುದು? ಹೌದೆಂದರೆ ಹೌದು, ತೊಂದರೆ ಇಲ್ಲ ಎಂದಾಗುತ್ತದೆ. ಇಲ್ಲವೆಂದರೂ ತೊಂದರೆ ಇಲ್ಲ ಎಂದೇ ಆಗುತ್ತದೆ. ಅಕ್ಕ ಎರಡು ಸಲ ಕಣ್ಣು ಮಿಟುಕಿಸಿದಳು. ಮತ್ತೆ ಎರಡು ಸಲ.

"ಇಲ್ಲ ಅಲ್ವಾ, ಒಳ್ಳೇದು. ಕೆರೆ ಚಿತ್ರ ಬಲು ಚೆನ್ನಾಗಿದೆ, ನೋಡ್ತಾ ಆರಾಮಾಗಿರಿ" ಎಂದು ಮಾಮ ಕೈಬೀಸಿ ಮೆಟ್ಟಿಲಿಳಿದು ಹೋದರು.

ತಂಗಿ ನಾಲ್ಕಕ್ಕೆ ಬಂದಾಗ ಅಕ್ಕನ ತುಟಿ ನೀಲಿಗಟ್ಟಿತ್ತು. ಕತ್ತು ಎತ್ತಿ ಹಿಡಿದು, ಗಂಟಲಿನ ಜೊಲ್ಲನ್ನು ಹೀರಿ ತೆಗೆದು, ಬೆನ್ನು ಸವರಿದ ಮೇಲೆ ಉಸಿರು ಹಿಡಿತಕ್ಕೆ ಬಂತು. ವಿಷಯ ತಿಳಿದು ಮಾಮ ಮೇಲೆ ಬಂದರು. ಮಂಚದ ಕಾಲಿನ ಕಡೆ ನಿಂತು ಟೋಪಿ ತೆಗೆದು ಕೈಯಲ್ಲಿ ಹಿಸುಕಿದರು.

"ನಾನು ಕೇಳಿದ್ನಮ್ಮ. ಕೇಳೇ ಹೋದೆ" ಎಂದರು. "ನನ್ನ ಕಣ್ಣಿಗೆ ಏನಾಗಿತ್ತು?"

ಸಂಜೆ ಪ್ರೋಗ್ರಾಂ ತೆರೆದುಕೊಟ್ಟಾಗ ಅಕ್ಕ ಬರೆದಳು. "ಮಾಮನಿಗೆ ಬೈಬೇಡ. ಪ್ರಶ್ನೆ ತಪ್ಪು. ಕೋರ್ಟಿನಲ್ಲಾಗಿದ್ದರೆ ಎದುರು ವಕೀಲ ಆಕ್ಷೇಪಿಸುತ್ತಿದ್ದ." ತುಸು ಹೊತ್ತು ಬಿಟ್ಟು ಮತ್ತೆ ಬರೆದಳು. "ಗುಮಾಸ್ತ ಆಫೀಸಿಗೆ ಬರ್ತಾನೆ. ಹಾಜರಿ ಹಾಕ್ತಾನೆ. ಕುರ್ಚಿ ಮೇಲೆ ಕೂರಲ್ಲ. ಕೂರಿಸು."

ತಂಗಿ ಮೇಡಂಗೆ ಫೋನ್ ಮಾಡಿದಳು.

"ಲಾಗಿನ್ ಆದ ತಕ್ಷಣ ಪ್ರೋಗ್ರಾಂ ತಾನೇ ತೆರೆಯೋ ಹಾಗೆ ಮಾಡಬಹುದಂತೆ" ಎಂದರು ಮೇಡಂ. "ಆದರೆ ನನಗೆ ಅದು ಗೊತ್ತಿಲ್ಲಮ್ಮ. ಜೋಡಿಸಿಕೊಟ್ಟವರು ಬೇರೆ ಊರಿಗೆ ಹೋಗಿಬಿಟ್ರು, ನಂಬರು ಕೂಡ ಬದಲಾಗಿದೆ."

"ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋರು ಇರ್ತಾರಲ್ಲ ಮೇಡಂ?"

"ಕೇಳಿದೆ. ಅವರು ಇಂಥದ್ದನ್ನ ಮುಟ್ಟಲ್ಲ ಅಂತಾರೆ."

ತಂಗಿ ಒಂದು ಬ್ಯಾಟರಿ ಕೊಂಡುತಂದು ಜೋಡಿಸಿ ನೋಡಿದಳು. ಅದು ಇಪ್ಪತ್ತು ನಿಮಿಷ ತಡೆಯಿತು, ಆಮೇಲೆ ಪರದೆಯ ಮೂಲೆಯಲ್ಲಿ ಕರೆಂಟು ಸಾಲದೆಂಬ ಮಿಂಚಿನ ಗುರುತು ಬಂದು ಎಲ್ಲ ಆರಿಹೋಯಿತು. ಕರೆಂಟು ಒಮ್ಮೊಮ್ಮೆ ಒಂದು ಗಂಟೆ ಹೋಗುವ ಬೀದಿ ಅದು.

ಹಾಗಾಗಿ ತಾನೇ ಕೂತಳು. ಅಲ್ಲಿಯವರೆಗೆ ಅವಳು ಕಂಪ್ಯೂಟರಿನಲ್ಲಿ ಮಾಡಿದ ಕೆಲಸವೆಂದರೆ ಅಂಗಡಿಯ ಬಿಲ್ ತೆಗೆಯುವುದು ಮಾತ್ರ. ಫೋನಿನಲ್ಲಿ ಹುಡುಕಿ, ಯಾರೋ ಬರೆದಿಟ್ಟದ್ದನ್ನು ಓದಿ, ಕಪ್ಪು ಕಿಟಕಿಯೊಂದನ್ನು ತೆರೆದು ಅದರಲ್ಲಿ ಆಜ್ಞೆಗಳನ್ನು ಒಂದೊಂದೇ ಅಕ್ಷರ ನೋಡಿ ಹೊಡೆದಳು. ಯಂತ್ರ ಏಳುವಾಗಲೇ ಓಡುವ ಒಂದು ಪಟ್ಟಿ ಇರುತ್ತದಂತೆ. ಅದರ ಕೊನೆಗೆ ಅಕ್ಷರದ ಪ್ರೋಗ್ರಾಮಿನ ಹೆಸರು ಸೇರಿಸಿದಳು. ಪ್ಲಗ್ ಕಿತ್ತು ಮತ್ತೆ ಹಾಕಿದಳು. ಗುಮಾಸ್ತ ಎದ್ದ. ಕೆರೆ ಬಂತು. ಬೇರೇನೂ ಬರಲಿಲ್ಲ.

ಎರಡು ಸಂಜೆ ತಡಕಾಡಿದ ಮೇಲೆ ದೋಷದ ದಾಖಲೆ ಎಲ್ಲಿರುತ್ತದೆಂದು ಗೊತ್ತಾಯಿತು. ಅದರಲ್ಲಿ ಒಂದೇ ಸಾಲು ಇತ್ತು, ಪರದೆ ತೆರೆಯಲಾಗಲಿಲ್ಲ ಎಂದು. ಪರದೆ ಏಳುವುದಕ್ಕೆ ಮುಂಚೆಯೇ ಪ್ರೋಗ್ರಾಂ ಎದ್ದು, ಕೂರಲು ಜಾಗವಿಲ್ಲದೆ ಸತ್ತುಹೋಗಿತ್ತು. ಯಂತ್ರ ಏಳುವುದು ಬೇರೆ, ಲಾಗಿನ್ ಆಗಿ ಚಿತ್ರದ ಪರದೆ ಬರುವುದು ಬೇರೆ ಎಂದು ತಂಗಿಗೆ ಆಗ ತಿಳಿಯಿತು. ಲಾಗಿನ್ ಆದ ಮೇಲೆ ಓಡುವ ಬೇರೆ ಪಟ್ಟಿ ಇದೆಯಂತೆ, ಅದರಲ್ಲಿ ಬರೆಯಬೇಕು.

ಈ ಕೆಲಸದಲ್ಲಿ ಒಂದು ಕಷ್ಟವಿತ್ತು. ಮನೆಯಲ್ಲಿದ್ದದ್ದು ಒಂದೇ ಪರದೆ. ತಂಗಿ ಕಪ್ಪು ಕಿಟಕಿ ತೆರೆದು ಕೂತರೆ ಅಕ್ಕನ ಅಕ್ಷರಗಳು ಮುಚ್ಚಿಹೋಗುತ್ತಿದ್ದವು. ಅಕ್ಕನ ಮಾತನ್ನು ಸರಿಮಾಡಬೇಕಾದರೆ ಮೊದಲು ಅವಳ ಮಾತನ್ನೇ ಕಿತ್ತುಕೊಳ್ಳಬೇಕು. ಅಕ್ಕ ಮಲಗಿದಲ್ಲಿಂದಲೇ ಪರದೆ ನೋಡುತ್ತಿದ್ದಳು. ಜೀವಮಾನವೆಲ್ಲ ಬೇರೆಯವರ ತಪ್ಪು ತಿದ್ದಿದ ಕಣ್ಣು.

ಆ ಶನಿವಾರ ಸಂಜೆ ತಂಗಿ ಎರಡನೆಯ ಪಟ್ಟಿಗೆ ಕೈಹಾಕಿದಳು. ಅದು ಇರಬೇಕಾದ ಫೋಲ್ಡರಿನ ಹೆಸರು ಚುಕ್ಕೆಯಿಂದ ಶುರುವಾಗಬೇಕು. ಪರದೆಗೆ ಒರಗಿಸಿಟ್ಟ ಫೋನು ಅಕ್ಕನಿಗೂ ಕಾಣುತ್ತಿತ್ತು. ತಂಗಿ ಅದನ್ನು ನೋಡಿಯೂ ಚುಕ್ಕೆ ಬಿಟ್ಟು ಹೊಡೆದಳು. ಕಡತ ಬರೆದಳು, ಉಳಿಸಿದಳು, ಪ್ಲಗ್ ಕಿತ್ತು ಹಾಕಿದಳು. ಬರಲಿಲ್ಲ. ಮತ್ತೆ ಎಲ್ಲ ಮೊದಲಿನಿಂದ ಬರೆದಳು. ಬರಲಿಲ್ಲ. ಮೂರನೆಯ ಸಲ ಬರೆದಳು. ಬೆನ್ನು ಸಿಡಿಯುತ್ತಿತ್ತು. ತಿರುಗಿ ನೋಡಿದಾಗ ಅಕ್ಕನ ಎರಡೂ ಕಣ್ಣಿನಿಂದ ನೀರಿಳಿದು ಕಿವಿಯವರೆಗೆ ಹೋಗಿತ್ತು. ಅವಳು ಕಣ್ಣು ಮಿಟುಕಿಸುತ್ತಿದ್ದಳು. ಎರಡು ಸಲ. ಎರಡು ಸಲ. ಎರಡು ಸಲ.

"ಏನೇ? ನೋವಾ?"

ಇಲ್ಲ.

"ಮಗ್ಗುಲು ಬದಲಿಸಲಾ?"

ಇಲ್ಲ.

"ನಾನು ಬರೆದಿದ್ದು ತಪ್ಪಾ?"

ಹೌದು.

ತಂಗಿ ಪರದೆಯ ಮೇಲೆ ಬೆರಳಿಟ್ಟು ಸಾಲಿನ ಉದ್ದಕ್ಕೂ ನಿಧಾನ ಸರಿಸುತ್ತ ಹೋದಳು. ಫೋಲ್ಡರಿನ ಹೆಸರು ಶುರುವಾಗುವಲ್ಲಿಗೆ ಬೆರಳು ಬಂದಾಗ ಅಕ್ಕ ಒಮ್ಮೆ ಗಟ್ಟಿಯಾಗಿ ಕಣ್ಣು ಮುಚ್ಚಿ ತೆರೆದಳು. ತಂಗಿ ಫೋನಿನಲ್ಲಿದ್ದುದನ್ನು ಹಿಗ್ಗಿಸಿ ನೋಡಿದಳು. ಚುಕ್ಕೆ.

"ಎಷ್ಟು ಹೊತ್ತಿನಿಂದ ಹೇಳ್ತಾ ಇದ್ದೆ?"

ಅದಕ್ಕೆ ಹೌದು ಇಲ್ಲಗಳಲ್ಲಿ ಉತ್ತರವಿರಲಿಲ್ಲ. ಗೋಡೆ ಗಡಿಯಾರ ನೋಡಿದಾಗ ಒಂದೂಕಾಲು ಗಂಟೆ ಕಳೆದಿತ್ತು. ತಂಗಿ ಅಕ್ಕನ ಕಿವಿ ಒರೆಸಿ, ಅವಳ ಹಣೆಗೆ ತನ್ನ ಹಣೆ ಒತ್ತಿದಳು. ಆಮೇಲೆ ಚುಕ್ಕೆ ಸೇರಿಸಿದಳು.

ಈ ಸಲ ಗುಮಾಸ್ತ ಎದ್ದು, ಲಾಗಿನ್ ಆಗಿ, ಯಾರೂ ಮುಟ್ಟದೆಯೇ ಅಕ್ಷರಗಳನ್ನು ಹರಡಿದ. ತಂಗಿ ಜೋರಾಗಿ ಚಪ್ಪಾಳೆ ತಟ್ಟಿದ್ದು ಕೆಳಗಿನ ಮನೆಗೂ ಕೇಳಿ ಮಾಮ ಏನಾಯಿತೆಂದು ಓಡಿಬಂದರು. ಅಕ್ಕ ಬರೆದಳು. "ಖಾಯಂ ಮಾಡಿ ಇವನನ್ನ."

ಪ್ರೋಗ್ರಾಂ ಮುಚ್ಚಿದಾಗ ಕೆರೆಯ ಚಿತ್ರ ಕಾಣಲಿಲ್ಲ, ಮೇಲಿನ ಪಟ್ಟಿ, ಅದರಲ್ಲಿದ್ದ ಗಡಿಯಾರ ಯಾವುದೂ ಇರಲಿಲ್ಲ, ಬರೀ ಕಪ್ಪು. ತಂಗಿ ತನ್ನದೊಂದು ಪಟ್ಟಿ ಬರೆದಿಟ್ಟದ್ದರಿಂದ ಯಂತ್ರ ತನ್ನ ಮೂಲ ಪಟ್ಟಿಯನ್ನು ಓದುವುದನ್ನೇ ಬಿಟ್ಟಿತ್ತು. ಹೋದರೆ ಹೋಗಲಿ, ಕೆರೆ ಯಾರಿಗೆ ಬೇಕು ಎಂದುಕೊಂಡಳು.

ಒಂಬತ್ತು ದಿನದ ಮೇಲೆ ಮತ್ತೆ ಮಧ್ಯಾಹ್ನ ಕರೆಂಟು ಹೋಗಿಬಂತು. ಅಂದು ಪ್ರೋಗ್ರಾಂ ಬರಲಿಲ್ಲ. ಅದಕ್ಕೆ ಧ್ವನಿ ಬೇಕಿತ್ತು. ಅಂದು ಯಂತ್ರದ ಧ್ವನಿ ಎರಡು ಕ್ಷಣ ತಡವಾಗಿ ಎದ್ದಿತು, ಅಷ್ಟರಲ್ಲಿ ಪ್ರೋಗ್ರಾಂ ಧ್ವನಿ ಸಿಗದೆ ಬಿದ್ದುಹೋಗಿತ್ತು. ಇದೆಲ್ಲ ಆಮೇಲೆ ಗೊತ್ತಾದದ್ದು. ಆವತ್ತು ಗೊತ್ತಾದದ್ದು ಇಷ್ಟೇ. ತಂಗಿ ಬಾಗಿಲು ತೆಗೆದಾಗ ಪರದೆ ಕಪ್ಪಾಗಿತ್ತು, ಅಕ್ಕನ ಕಣ್ಣು ಆ ಕಪ್ಪಿನ ಮೇಲೆ ನೆಟ್ಟಿತ್ತು. ಡ್ರೈವರ್ ಮಾಮ ಈಗ ಪ್ರಶ್ನೆ ಕೇಳುವುದನ್ನು ಕಲಿತಿದ್ದರು, ತಲೆ ಮುಟ್ಟಿ ಸರಿಮಾಡಿ ಹೋಗಿದ್ದರು. ಆದರೆ ಪ್ರೋಗ್ರಾಂ ಯಾವುದೆಂದು, ಹೇಗೆ ತೆರೆಯುವುದೆಂದು ಅವರಿಗೆ ತಿಳಿದಿರಲಿಲ್ಲ. ಕಪ್ಪು ಪರದೆ ನೋಡಿ, ಅಕ್ಕನೇ ಆರಿಸಿ ಮಲಗಿದ್ದಾಳೆಂದುಕೊಂಡಿದ್ದರು.

ಅಂದು ಅಕ್ಕ ಬರೆದದ್ದು ತಮಾಷೆಯಾಗಿರಲಿಲ್ಲ. "ಮೊದಲು ಕೆರೆ ಮೇಲೆ ಗಡಿಯಾರ ಇತ್ತು. ನಿಮಿಷ ಎಣಿಸ್ತಿದ್ದೆ. ನೀನು ಅದನ್ನೂ ತೆಗೆದೆ."

ಗೋಡೆ ಗಡಿಯಾರ ಮಂಚದ ತಲೆಯ ಕಡೆಯ ಗೋಡೆಯಲ್ಲಿತ್ತು. ಅಕ್ಕನಿಗೆ ಅದು ಕಾಣುವುದಿಲ್ಲವೆಂಬುದು ಇಷ್ಟು ದಿನ ತಂಗಿಯ ತಲೆಗೆ ಹೋಗಿರಲೇ ಇಲ್ಲ.

ಅವಳು ಕುಸಿದು ಕೂತಳು. "ನಾನು ಕೆಲಸ ಬಿಟ್ಟುಬಿಡ್ತೀನಿ ಅಕ್ಕ. ನನ್ನ ಕೈಲಿ ಇದು ಆಗಲ್ಲ. ಮನೇಲೇ ಇರ್ತೀನಿ."

ಸಾಲುಗಳು ಬೆಳಗುತ್ತ ಇಳಿದವು. ತಂಗಿ ಕಾದಳು. ಆರು ನಿಮಿಷದ ಮೇಲೆ ಸಪ್ಪೆ ಧ್ವನಿ ಓದಿತು. "ಬಿಟ್ಟರೆ ನಿನ್ನ ಮುಖ ದಿನವೆಲ್ಲ ನೋಡಬೇಕು. ಬೇಡ. ಕಲಿ."

ಕಲಿತಳು. ಅಂಗಡಿಯಲ್ಲಿ ಲೆನ್ಸು ಉಜ್ಜುವಾಗಲೂ ತಲೆಯಲ್ಲಿ ಅದೇ ಓಡುತ್ತಿತ್ತು. ಇಂಥ ಪುಟ್ಟ ಕಂಪ್ಯೂಟರು ಇಟ್ಟುಕೊಂಡವರು ಮಾತಾಡಿಕೊಳ್ಳುವ ತಾಣವೊಂದರಲ್ಲಿ ನಡೆದದ್ದನ್ನೆಲ್ಲ ಬರೆದಳು. ಎಲ್ಲಿಯವನೋ ಯಾರೋ ಒಬ್ಬ ಮರುದಿನವೇ ಉತ್ತರ ಕೊಟ್ಟ. ಇಡೀ ಪಟ್ಟಿಯನ್ನು ಮುಟ್ಟಬೇಡಿ, ನಿಮ್ಮದನ್ನು ಅಳಿಸಿಹಾಕಿ, ಮೂಲದ್ದು ತಾನೇ ಮರಳುತ್ತದೆ. ಲಾಗಿನ್ ಆದಾಗ ಯಂತ್ರ ತೆರೆದು ನೋಡುವ ಬೇರೊಂದು ಫೋಲ್ಡರು ಇದೆ, ಅದರಲ್ಲಿ ನಿಮ್ಮ ಪ್ರೋಗ್ರಾಮಿಗೆ ಮಾತ್ರ ಒಂದು ಚಿಕ್ಕ ಕಡತ ಇಡಿ. ಹತ್ತು ಸೆಕೆಂಡು ಕಾದು ತೆರೆ ಎಂದು ಅದಕ್ಕೆ ಹೇಳಿ, ಬಿದ್ದರೆ ಮತ್ತೆ ಎಬ್ಬಿಸು ಎಂದೂ ಹೇಳಿ. ಕೊನೆಗೆ ಅವನು ಒಂದು ಸಾಲು ಸೇರಿಸಿದ್ದ. "ನಿಮ್ಮ ಅಕ್ಕನಿಗೆ ನಮಸ್ಕಾರ ಹೇಳಿ."

ಭಾನುವಾರ ಬೆಳಿಗ್ಗೆ ಇಬ್ಬರೂ ಪರೀಕ್ಷೆಗೆ ಕೂತರು. ತಂಗಿ ಪ್ಲಗ್ ಕೀಳುವುದು, ಹಾಕುವುದು. ಕೆರೆ ಬರುತ್ತದೆ, ಗಡಿಯಾರ ಬರುತ್ತದೆ, ಹತ್ತು ಸೆಕೆಂಡು ಉಸಿರಿಲ್ಲ, ಅಕ್ಷರಗಳು ಬರುತ್ತವೆ, ಅಕ್ಕ ಕೆಂಪು ಪಟ್ಟಿ ಒತ್ತಿ ಗಂಟೆ ಬಾರಿಸುತ್ತಾಳೆ. ಹನ್ನೊಂದು ಸಲ ಕಿತ್ತರು, ಹನ್ನೊಂದು ಸಲವೂ ಬಂತು. ಏಳನೆಯ ಸಲ ಗಂಟೆ ಬಾರಿಸಿದಾಗ ಮಾಮ ಕೆಳಗಿನಿಂದ ಕೂಗಿದರು. "ಬರಲೋ, ಬೇಡವೋ? ಅದೊಂದು ಹೇಳಿಬಿಡಿ!" ಅಕ್ಕನ ಎದೆಯಿಂದ ಗೊರಗೊರ ಸದ್ದು ಬಂತು. ತಂಗಿ ಮೊದಲು ಹೆದರಿದಳು. ಅದು ನಗು.

ಮೂರೂವರೆ ತಿಂಗಳು ಗುಮಾಸ್ತ ಒಂದು ದಿನವೂ ತಪ್ಪಿಸಲಿಲ್ಲ. ಎಷ್ಟು ಸಲ ಕರೆಂಟು ಹೋಗಿ ಬಂದರೂ ಅವನು ಎದ್ದು ತನ್ನ ಕುರ್ಚಿಯಲ್ಲಿ ಕೂರುತ್ತಿದ್ದ. ಅಕ್ಕ ನಾಲ್ಕು ಸಲ ಗಂಟೆ ಬಾರಿಸಿ ಮಾಮನನ್ನು ಕರೆಸಿದ್ದಳು. ಒಮ್ಮೆ ಉಸಿರು ಕಟ್ಟಿದ್ದಕ್ಕೆ, ಮೂರು ಸಲ ಕಿಟಕಿಯಲ್ಲಿ ಕೂತು ಕಾಟ ಕೊಡುತ್ತಿದ್ದ ಪಾರಿವಾಳ ಓಡಿಸುವುದಕ್ಕೆ.

ಆಮೇಲೆ ಹೆಬ್ಬೆರಳು ಸೋಲತೊಡಗಿತು. ಅದು ಒಂದು ದಿನದಲ್ಲಿ ಆದದ್ದಲ್ಲ. ಮೊದಲು ಅಕ್ಷರಗಳು ತಪ್ಪಿದವು, ಒತ್ತುವಷ್ಟರಲ್ಲಿ ಸಾಲು ದಾಟಿಹೋಗುತ್ತಿತ್ತು. ಸಾಲು ಬೆಳಗುವ ಹೊತ್ತನ್ನು ಒಂದು ಸೆಕೆಂಡಿನಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ ತಂಗಿ ಏರಿಸಿದಳು. ಬೆಳಿಗ್ಗೆ ಬಿಸಿನೀರಿನ ಬಟ್ಟೆ ಸುತ್ತಿದರೆ ಒಂದಿಷ್ಟು ಹೊತ್ತು ಬೆರಳು ಮಾತು ಕೇಳುತ್ತಿತ್ತು. ಆಮೇಲೆ ಅದೂ ಇಲ್ಲ. ಮೇಡಂ ಇನ್ನೂ ಹಗುರಾದ ಗುಂಡಿ ತಂದರು, ಉಸಿರು ಊದಿದರೆ ಒತ್ತಿಕೊಳ್ಳುವ ಕೊಳವೆ ತಂದರು. ಊದುವಷ್ಟು ಉಸಿರು ಎಲ್ಲಿಂದ ತರುವುದು?

"ಕಣ್ಣಿನ ನೋಟ ಹಿಡಿಯೋ ಯಂತ್ರ ಬರುತ್ತಲ್ಲ ಮೇಡಂ? ಓದಿದ್ದೀನಿ" ಎಂದಳು ತಂಗಿ. ಇಬ್ಬರೂ ಹೊರಗಿನ ಕೋಣೆಯಲ್ಲಿ ನಿಂತಿದ್ದರು.

"ಇದೆ. ನಮ್ಮಲ್ಲಿ ಒಂದೇ ಇರೋದು. ಒಬ್ಬರ ಮನೇಲಿದೆ."

"ಅವರು ಯಾವಾಗ ವಾಪಸು ಕೊಡ್ತಾರೆ?"

ಮೇಡಂ ಕೈಯಲ್ಲಿದ್ದ ಗುಂಡಿಯ ತಂತಿಯನ್ನು ಸುತ್ತತೊಡಗಿದರು. ತಾನು ಕೇಳಿದ್ದು ಏನೆಂದು ತಂಗಿಗೆ ಆಗ ಅರ್ಥವಾಯಿತು. ಹಾಸಿಗೆ ಹಿಡಿದವರು ಯಾರೂ ಅದನ್ನು ಬದುಕಿರುವಾಗ ವಾಪಸು ಕೊಡುವುದಿಲ್ಲ. ಮೇಡಂ ಹೋದ ಮೇಲೂ ಆ ಮನೆಯವರ ನೆನಪು ಅವಳನ್ನು ಬಿಡಲಿಲ್ಲ. ಅಲ್ಲಿಯೂ ಒಬ್ಬ ತಂಗಿಯೋ ಹೆಂಡತಿಯೋ ಇರುತ್ತಾಳೆ, ಅವರ ಮನೆಯ ಸುದ್ದಿಗೆ ನಾನು ಕಾಯುತ್ತಿದ್ದೇನೆ ಎಂದು ಅನ್ನಿಸಿ, ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ಕಾಯುವುದನ್ನು ಬಿಡುವುದೂ ಆಗಲಿಲ್ಲ.

ಉಳಿದದ್ದು ಒಂದೇ ಉಪಾಯ. ಬೇಕಾದ ಸಾಲು ಬೆಳಗಿದಾಗ ಅಕ್ಕ ಕಣ್ಣು ಮಿಟುಕಿಸುವುದು, ಪಕ್ಕದಲ್ಲಿ ಕೂತವರು ಅವಳ ಪರವಾಗಿ ಗುಂಡಿ ಒತ್ತುವುದು. ತಂಗಿ ಮನೆಯಲ್ಲಿದ್ದಾಗ ಇದು ನಡೆಯುತ್ತಿತ್ತು. ಒಂದರಿಂದ ನಾಲ್ಕರವರೆಗೆ ಗುಂಡಿ ಒತ್ತುವವರಿಲ್ಲ, ಗಂಟೆಯೂ ಇಲ್ಲ. ಗುಮಾಸ್ತ ಮಾತ್ರ ಕರೆಂಟು ಬಂದಾಗಲೆಲ್ಲ ಎದ್ದು, ಹತ್ತು ಸೆಕೆಂಡು ಕಾದು, ಅಕ್ಷರ ಹರಡಿ, ಸಾಲುಗಳನ್ನು ಬೆಳಗಿಸುತ್ತಲೇ ಇರುತ್ತಿದ್ದ.

ಡ್ರೈವರ್ ಮಾಮ ಯಾರೂ ಕರೆಯದೆಯೇ ಮೇಲೆ ಬಂದರು. ಪೇಪರು, ಕನ್ನಡಕ, ಒಂದು ಮಡಚುವ ಕುರ್ಚಿ ತಂದಿದ್ದರು.

"ನಾನು ಕೂರ್ತೀನಮ್ಮ" ಎಂದರು. "ಮೂವತ್ತೆರಡು ವರ್ಷ ಸ್ಟೀರಿಂಗ್ ಹಿಂದೆ ಕೂತೋನು, ಮೂರು ಗಂಟೆ ಕೂರೋದು ಒಂದು ಕೆಲಸಾನಾ? ನೀನು ಆರಾಮಾಗಿ ಹೋಗಿ ಬಾ."

ತಂಗಿ ಅವರಿಗೆ ಗುಂಡಿ ಒತ್ತುವುದನ್ನು ಹೇಳಿಕೊಟ್ಟಳು. ಅವರು ಕಲಿತರು. ಪೇಪರು ಓದಿ ಹೇಳುತ್ತಿದ್ದರು, ನಡುನಡುವೆ ನಿಲ್ಲಿಸಿ ಅಕ್ಕನ ಕಣ್ಣು ನೋಡುತ್ತಿದ್ದರು. ಕೋರ್ಟಿನ ಸುದ್ದಿ ಬಂದರೆ ಎರಡು ಸಲ ಓದುತ್ತಿದ್ದರು. ಮೊದಮೊದಲು ಚೆನ್ನಾಗಿಯೇ ನಡೆಯಿತು.

ಆದರೆ ಕಾಯಿಲೆ ರೆಪ್ಪೆಗೂ ಬಂತು. ರೆಪ್ಪೆ ತಾನಾಗಿಯೇ ಇಳಿಯುತ್ತಿತ್ತು, ಮತ್ತೆ ಏಳಲು ತಡಮಾಡುತ್ತಿತ್ತು. ಯಾವುದು ಅಕ್ಕನ ಹೌದು, ಯಾವುದು ಬರೀ ದಣಿವು ಎಂದು ಹೇಳುವುದು ಕಷ್ಟವಾಯಿತು. ಇನ್ನೊಬ್ಬ ರೋಗಿ ಕಾದಿದ್ದಾರೆ, ಗುಮಾಸ್ತನನ್ನು ಅವರಿಗೆ ಕೊಡಬಹುದೇ ಎಂದು ಮೇಡಂ ಒಮ್ಮೆ ಬಹಳ ಮೆಲ್ಲನೆ ಕೇಳಿದರು. ಆಗ ಮಾತ್ರ ಅಕ್ಕನ ಉತ್ತರ ಸ್ಪಷ್ಟವಾಗಿತ್ತು. ಎರಡು ಸಲ, ಗಟ್ಟಿಯಾಗಿ. ಮೇಡಂ ಮತ್ತೆ ಕೇಳಲಿಲ್ಲ.

ಒಂದು ಗುರುವಾರ ತಂಗಿ ನಾಲ್ಕಕ್ಕೆ ಬಂದಾಗ ಮಾಮ ಮಂಚದ ಪಕ್ಕ ಬಗ್ಗಿ ನಿಂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಒಂದು ಸಾಲು ತುಂಬ ಇದ್ದವು.

"ಎರಡು ಗಂಟೆಯಿಂದ ಏನೋ ಹೇಳ್ತಾ ಇದ್ದಾರೆ" ಎಂದರು. ಧ್ವನಿ ಒಡೆದಿತ್ತು. "ಒತ್ತಿದ್ದೆಲ್ಲ ತಪ್ಪಾಗ್ತಿದೆ. ತಲೆ ಸರಿಮಾಡಿದೆ, ಅದಲ್ಲ. ಪಾರಿವಾಳಾನೂ ಇಲ್ಲ. ನನಗೆ ಗೊತ್ತಾಗ್ತಾ ಇಲ್ಲಮ್ಮ."

ತಂಗಿ ಚೀಲವನ್ನೂ ಇಳಿಸದೆ ಕೂತಳು. ಇದ್ದ ಅಕ್ಷರಗಳನ್ನು ಅಳಿಸಿದಳು. ಸಾಲುಗಳು ನಾಲ್ಕು ನಾಲ್ಕು ಸೆಕೆಂಡಿಗೆ ಒಂದರಂತೆ ಇಳಿದವು. ಅವಳು ಪರದೆ ನೋಡಲಿಲ್ಲ, ಅಕ್ಕನ ರೆಪ್ಪೆಯನ್ನೇ ನೋಡಿದಳು. ಮೊದಲ ಅಕ್ಷರಕ್ಕೆ ಹದಿನೈದು ನಿಮಿಷ. ಎರಡು ಸಲ ತಪ್ಪಾಗಿ ಅಳಿಸಬೇಕಾಯಿತು. ಕೊನೆಗೆ ಎರಡು ಅಕ್ಷರ ಬಿದ್ದವು. ಕಾಲು.

"ಕಾಲಾ?" ತಂಗಿ ಮುಂದಕ್ಕೆ ಬಗ್ಗಿದಳು. "ಕಾಲು ನೋಯ್ತಾ ಇದೆಯಾ?"

ರೆಪ್ಪೆ ಇಳಿಯಿತು, ಎದ್ದಿತು. ಒಂದು ಸಲ. ಅದು ಹೌದೇ? ಅಥವಾ ಎರಡನೆಯದು ಬರುವ ಮುಂಚೆ ದಣಿಯಿತೇ?

ಅವಳು ಹೊದಿಕೆ ಸರಿಸಿ ಬಲಗಾಲನ್ನು ಎತ್ತಿ ನೇರ ಮಾಡಿದಳು. "ಇದಾ?" ರೆಪ್ಪೆ ಇಳಿದದ್ದು ಹಾಗೇ ನಿಂತಿತು. ಎಡಗಾಲನ್ನು ಎತ್ತಿ ಕೆಳಗೆ ದಿಂಬು ಕೊಟ್ಟಳು. "ಇದಾ ಅಕ್ಕ? ಈಗ ಸರ್ಹೋಯ್ತಾ?" ಅಕ್ಕ ಕಣ್ಣು ತೆರೆಯಲಿಲ್ಲ. ಉಸಿರು ಮಾತ್ರ ಸಣ್ಣಗೆ ಆಡುತ್ತಿತ್ತು.

"ಗೊತ್ತಾಯ್ತೇನಮ್ಮ?" ಮಾಮ ಹಿಂದಿನಿಂದ ಕೇಳಿದರು.

"ಇಲ್ಲ ಮಾಮ."

"ಹಂಗಾದ್ರೆ?"

ತಂಗಿ ಎಣ್ಣೆ ಬಾಟಲಿ ತಂದಳು. ಬಲಗಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಪಾದದಿಂದ ಮೇಲಕ್ಕೆ ತಿಕ್ಕತೊಡಗಿದಳು. ಮಾಮ ಅಂಗಿಯ ತೋಳು ಮಡಚಿ, ಮಡಚುವ ಕುರ್ಚಿಯನ್ನು ಮಂಚದ ಆ ಬದಿಗೆ ಎಳೆದುಕೊಂಡು ಕೂತರು. ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಇಬ್ಬರೂ ಕಿಟಕಿಯ ಬೆಳಕು ಪೂರ್ತಿ ಹೋಗುವವರೆಗೂ, ಆಗಾಗ ಅಕ್ಕನ ಮುಖ ನೋಡುತ್ತ, ಎರಡೂ ಕಾಲು ತಿಕ್ಕುತ್ತಲೇ ಇದ್ದರು.